ಮೆದುಳಿನಲ್ಲಿ ನಿಧಾನವಾಗಿ ಬೆಳೆಯುವ ಗೆಡ್ಡೆ ಮತ್ತು ಗರ್ಭಧಾರಣೆ : ಸಾರ್ವಜನಿಕರಿಗೆ ಮಾಹಿತಿ

ಮೆದುಳಿನಲ್ಲಿ ನಿಧಾನವಾಗಿ ಬೆಳೆಯುವ ಗೆಡ್ಡೆ ಇರುವುದಾಗಿ ಪತ್ತೆಯಾಗಿರುವ ಸ್ತ್ರೀಯರು ತಾಯಿಯಾಗಲು ಬಯಸಿದಲ್ಲಿ, ಗರ್ಭಧಾರಣೆಗೆ ಮುಂಚಿತವಾಗಿ ಅರಿತಿರಬೇಕಾದ ಸಂಗತಿಗಳನ್ನು ಹಾಗೂ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಅವರಿಗೆ ದೊರೆಯುವ ಸೌಲಭ್ಯಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ. ವೈದ್ಯರ ಬಳಿಗೆ ಹೋದಾಗ ಏನನ್ನು ಕೇಳಬೇಕು, ಯಾವುದನ್ನು ಮರೆಮಾಚಬಾರದು ಎಂಬುದನ್ನು ತಿಳಿಸುವುದಷ್ಟೇ ಇದರ ಉದ್ದೇಶವಾಗಿರುತ್ತದೆ.

ಇಂತಹ ಗೆಡ್ಡೆಗಳು ಹೆಚ್ಚಾಗಿ ಪತ್ತೆಯಾಗುವುದು ಯೌವನ ಹಾಗೂ ಮಧ್ಯವಯಸ್ಸಿನ ನಡುವಿನ ಅವಧಿಯಲ್ಲಿ, ಅಂದರೆ ವಿವಾಹ ಮತ್ತು ಮಕ್ಕಳ ವಿಚಾರ ಮನೆಯಲ್ಲಿ ನಡೆಯುತ್ತಿರುವ ಕಾಲದಲ್ಲಿಯೇ. ಮೊದಲ ಲಕ್ಷಣ ಬಹುಮಟ್ಟಿಗೆ ತಲೆನೋವಲ್ಲ, ಮೂರ್ಛೆ. ತದನಂತರ ಆ ಸ್ತ್ರೀಗೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಮಕ್ಕಳ ಆಸೆಯನ್ನು ಬಿಟ್ಟುಬಿಡಬೇಕು ಎಂಬುದು ಒಂದು. ನಿಧಾನವಾಗಿ ಬೆಳೆಯುವ ಗೆಡ್ಡೆಯಾದ್ದರಿಂದ ಏನೂ ಆಗುವುದಿಲ್ಲ ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಗೆಡ್ಡೆ ಇದೆ ಎಂಬ ಒಂದೇ ಕಾರಣಕ್ಕೆ ಗರ್ಭಧಾರಣೆ ನಿಷಿದ್ಧವಲ್ಲ. ಆದರೆ ಯಾವ ಪರೀಕ್ಷೆ ಮೊದಲು, ಯಾವ ಚಿಕಿತ್ಸೆ ನಂತರ, ಯಾವ ಔಷಧ ಬದಲಾಗಬೇಕು ಎಂಬ ಸರದಿಯನ್ನು ಗರ್ಭ ನಿಲ್ಲುವುದಕ್ಕೆ ಮುಂಚೆಯೇ ನಿರ್ಧರಿಸಬೇಕಾಗುತ್ತದೆ. ಗರ್ಭ ನಿಂತ ಮೇಲೆ ಆಯ್ಕೆಗಳು ಕಡಿಮೆಯಾಗುತ್ತವೆ.

ಯಾವ ಗೆಡ್ಡೆ ಎಂಬುದು ಮೊದಲ ಪ್ರಶ್ನೆ

ನಿಧಾನಗತಿಯ ಗೆಡ್ಡೆ ಎಂಬ ಒಂದೇ ಹೆಸರಿನಡಿ ಹಲವು ಬಗೆಯ ಕಾಯಿಲೆಗಳಿವೆ. ಆದ್ದರಿಂದ ಪರಿಚಯಸ್ಥರೊಬ್ಬರ ಅನುಭವವನ್ನು ಇನ್ನೊಬ್ಬರಿಗೆ ಅನ್ವಯಿಸುವುದು ಅಪಾಯಕರ.

ಮೆದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಬಹುತೇಕ ಸಂದರ್ಭಗಳಲ್ಲಿ ಕ್ಯಾನ್ಸರ್ ಅಲ್ಲ. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಈ ಗೆಡ್ಡೆಗಳಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕಗಳು ಸಾಮಾನ್ಯವಾಗಿ ಇರುವುದರಿಂದ, ಗರ್ಭಾವಸ್ಥೆಯಲ್ಲಿ ಕೆಲವರಲ್ಲಿ ಗೆಡ್ಡೆ ಹಿಗ್ಗಿ, ಹೆರಿಗೆಯ ನಂತರ ಕುಗ್ಗುವುದೂ ಉಂಟು. ಕಣ್ಣಿನ ನರದ ಸಮೀಪದಲ್ಲಿದ್ದರೆ ದೃಷ್ಟಿಯ ಮೇಲೆ ನಿಗಾ ಇರಿಸಬೇಕು.

ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನೋಮಾ ಮತ್ತೊಂದು ಬಗೆ. ಮುಟ್ಟು ನಿಲ್ಲುವುದು, ಮಗುವಿಲ್ಲದಿದ್ದರೂ ಎದೆಹಾಲು ಒಸರುವುದು, ಗರ್ಭ ನಿಲ್ಲದಿರುವುದು ಇದರ ಲಕ್ಷಣಗಳು. ಕ್ಯಾಬರ್ಗೊಲಿನ್ ಅಥವಾ ಬ್ರೋಮೊಕ್ರಿಪ್ಟಿನ್ ಮಾತ್ರೆಗಳಿಂದಲೇ ಹೆಚ್ಚಿನವರಿಗೆ ಗುಣ ಕಾಣುತ್ತದೆ, ಗರ್ಭವೂ ನಿಲ್ಲುತ್ತದೆ. ಗೆಡ್ಡೆ 1 ಸೆಂ.ಮೀ.ಗಿಂತ ಚಿಕ್ಕದಿದ್ದಲ್ಲಿ ಗರ್ಭಾವಸ್ಥೆಯಲ್ಲಿ ತೊಂದರೆಯಾಗುವಷ್ಟು ಬೆಳೆಯುವುದು ತೀರಾ ವಿರಳ. ಮಕ್ಕಳಾಗಲಿಲ್ಲವೆಂದು ವರ್ಷಗಟ್ಟಲೆ ಹರಕೆ, ಔಷಧಿಗಳಲ್ಲಿ ಕಾಲ ಕಳೆಯುವ ಮೊದಲು ಒಂದು ಪ್ರೊಲ್ಯಾಕ್ಟಿನ್ ರಕ್ತಪರೀಕ್ಷೆ ಮಾಡಿಸುವುದು ಉಚಿತ.

ಹೆಚ್ಚು ಯೋಚಿಸಿ ಹೆಜ್ಜೆಯಿಡಬೇಕಾದುದು ಮೂರನೆಯ ಬಗೆಯಲ್ಲಿ, ಅಂದರೆ ಮೆದುಳಿನ ಒಳಗೇ ಹರಡಿಕೊಂಡು ಬೆಳೆಯುವ ಕೆಳದರ್ಜೆಯ ಗ್ಲಯೋಮಾದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ ಇದರಲ್ಲಿ ಆಸ್ಟ್ರೋಸೈಟೋಮಾ ಮತ್ತು ಆಲಿಗೋಡೆಂಡ್ರೋಗ್ಲಯೋಮಾ ಎಂಬ ಎರಡು ಮುಖ್ಯ ಪ್ರಭೇದಗಳಿದ್ದು, ಎರಡರಲ್ಲೂ ಐ.ಡಿ.ಎಚ್. ಎಂಬ ವಂಶವಾಹಿಯಲ್ಲಿ ಬದಲಾವಣೆ ಕಂಡುಬರುತ್ತದೆ. ಈ ಬದಲಾವಣೆ ಗೆಡ್ಡೆಯ ಕೋಶಗಳಿಗೆ ಸೀಮಿತ. ಅಂಡಾಣುವಿನ ಮೂಲಕ ಮಗುವಿಗೆ ದಾಟುವಂತಹುದಲ್ಲ. ತಾಯಿಯ ಗೆಡ್ಡೆ ಮಗುವಿಗೂ ಬರುವುದೇ ಎಂಬ ಪ್ರಶ್ನೆಯನ್ನು ಬಹುತೇಕ ಎಲ್ಲ ಕುಟುಂಬಗಳೂ ಕೇಳುವುದರಿಂದ ಇದನ್ನು ಸ್ಪಷ್ಟಪಡಿಸಲಾಗಿದೆ. ವಂಶಪಾರಂಪರ್ಯವಾದ ಕೆಲವು ವಿರಳ ಕಾಯಿಲೆಗಳು ಕುಟುಂಬದಲ್ಲಿದ್ದರೆ ಮಾತ್ರ ಪ್ರತ್ಯೇಕ ಸಲಹೆ ಬೇಕಾಗುತ್ತದೆ.

ಮುಂದಿನ ವಿವರಗಳು ಮುಖ್ಯವಾಗಿ 2ನೇ ದರ್ಜೆಯ ಗ್ಲಯೋಮಾಕ್ಕೆ ಸಂಬಂಧಿಸಿವೆ. ಮೂರ್ಛೆಯ ಔಷಧ ಹಾಗೂ ಸರ್ಕಾರಿ ಸೌಲಭ್ಯಗಳ ಕುರಿತ ಭಾಗಗಳು ಎಲ್ಲರಿಗೂ ಅನ್ವಯಿಸುತ್ತವೆ.

ನಿಧಾನ ಎಂದರೆ ಎಷ್ಟು ನಿಧಾನ

ಚಿಕಿತ್ಸೆ ಪಡೆಯದ 2ನೇ ದರ್ಜೆಯ ಗ್ಲಯೋಮಾ ಸರಾಸರಿ ವರ್ಷಕ್ಕೆ ಸುಮಾರು 4 ಮಿ.ಮೀ.ನಷ್ಟು ವ್ಯಾಸದಲ್ಲಿ ಬೆಳೆಯುತ್ತದೆ. ಇದು ಸುಮ್ಮನೆ ಕುಳಿತಿರುವ ಗೆಡ್ಡೆಯಲ್ಲ. ಕೆಲವು ವರ್ಷಗಳ ನಂತರ ಮೇಲ್ದರ್ಜೆಗೆ ತಿರುಗುವ ಸಂಭವವೂ ಇರುತ್ತದೆ. ಗರ್ಭಾವಸ್ಥೆಯಲ್ಲಿ ಈ ಗತಿ ಹೆಚ್ಚಬಹುದೆಂದು ಫ್ರಾನ್ಸಿನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅದರಲ್ಲಿ ಒಳಪಟ್ಟಿದ್ದ ಗರ್ಭಾವಸ್ಥೆಗಳು ಸುಮಾರು ಹನ್ನೆರಡು ಮಾತ್ರ. ಆದರೂ ಅದೇ ಸ್ತ್ರೀಯರ ಗರ್ಭಪೂರ್ವದ, ಗರ್ಭಾವಸ್ಥೆಯ ಮತ್ತು ಹೆರಿಗೆಯ ನಂತರದ ಚಿತ್ರಗಳನ್ನು ಹೋಲಿಸಿದಾಗ ಹೆಚ್ಚಿನವರಲ್ಲಿ ಗರ್ಭಾವಸ್ಥೆಯ ವೇಗವೇ ಅಧಿಕವಾಗಿತ್ತು. ಕೆಲವರಲ್ಲಿ ಮೂರ್ಛೆಯೂ ಹೆಚ್ಚಿತ್ತು. ಇದನ್ನು ಕಡೆಗಣಿಸಲೂಬಾರದು, ಪ್ರತಿಯೊಬ್ಬರಿಗೂ ಹೀಗೆಯೇ ಆಗುವುದೆಂದು ತಿಳಿಯಲೂಬಾರದು.

ಆದ್ದರಿಂದಲೇ ಗರ್ಭಧಾರಣೆಗೆ ಮುನ್ನ ಒಂದು ಎಂ.ಆರ್.ಐ. ಚಿತ್ರ ಅವಶ್ಯಕ. ಕೆಲವು ತಿಂಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳಿದ್ದಲ್ಲಿ ಇನ್ನೂ ಉತ್ತಮ. ಆಗ ಗೆಡ್ಡೆಯ ಗಾತ್ರದ ಜೊತೆಗೆ ಅದರ ಗತಿಯೂ ತಿಳಿಯುತ್ತದೆ. ಆರಂಭಿಕ ಶಿಲ್ಕನ್ನು ಬರೆಯದ ಖಾತೆಯಲ್ಲಿ ವರ್ಷಾಂತ್ಯದ ಲೆಕ್ಕದಿಂದ ಲಾಭ ನಷ್ಟ ತಿಳಿಯದಿರುವಂತೆಯೇ, ಗರ್ಭಪೂರ್ವದ ಚಿತ್ರವಿಲ್ಲದಿದ್ದರೆ ಆರನೇ ತಿಂಗಳಲ್ಲಿ ತೆಗೆದ ಚಿತ್ರವನ್ನು ಯಾವುದಕ್ಕೆ ಹೋಲಿಸಬೇಕೆಂದು ವೈದ್ಯರಿಗೂ ತಿಳಿಯದು. ಹಳೆಯ ಚಿತ್ರಗಳನ್ನೂ ಸಿ.ಡಿ.ಗಳನ್ನೂ ಯಾವ ಕಾರಣಕ್ಕೂ ಬಿಸಾಡತಕ್ಕದ್ದಲ್ಲ.

ಚಿಕಿತ್ಸೆಯ ಸರದಿ

ಸುರಕ್ಷಿತವಾಗಿ ತೆಗೆಯಬಹುದಾದ ಸ್ಥಳದಲ್ಲಿ ಗೆಡ್ಡೆ ಇದ್ದರೆ, ಸಾಧ್ಯವಾದಷ್ಟನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ಮೊದಲ ಹಂತ. ಮಗು ಬೇಕೆನ್ನುವವರಿಗೆ ಇದನ್ನು ಗರ್ಭಧಾರಣೆಗೆ ಮುಂಚೆಯೇ ಮುಗಿಸುವುದು ಲೇಸು. ತೆಗೆದ ಭಾಗದ ಪರೀಕ್ಷೆಯಿಂದಲೇ ಪ್ರಭೇದ ಮತ್ತು ದರ್ಜೆ ಖಚಿತವಾಗುವುದು. ಆ ವರದಿ ಇಲ್ಲದೆ ಮುಂದಿನ ಲೆಕ್ಕಾಚಾರವೆಲ್ಲ ಅಂದಾಜು ಮಾತ್ರ.

ಉಳಿದ ಗೆಡ್ಡೆಗೆ ವಿಕಿರಣ ಚಿಕಿತ್ಸೆ ಮತ್ತು ಕೀಮೋಥೆರಪಿಯನ್ನು ತಕ್ಷಣ ಕೊಡಬೇಕೆ, ಕಾಯಬಹುದೆ ಎಂಬುದು ನಂತರದ ಪ್ರಶ್ನೆ. ತಾಯಿಯಾಗಬಯಸುವವರ ಪಾಲಿಗೆ ಅತ್ಯಂತ ಮಹತ್ವದ್ದು ಇದೇ. ಯುರೋಪಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಿಕಿರಣವನ್ನು ಶಸ್ತ್ರಚಿಕಿತ್ಸೆಯಾದ ಕೂಡಲೇ ಕೊಟ್ಟವರಿಗೂ, ಗೆಡ್ಡೆ ಮತ್ತೆ ಬೆಳೆದ ಮೇಲೆ ಕೊಟ್ಟವರಿಗೂ ಬದುಕಿನ ಅವಧಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬೇಗ ಪಡೆದವರಲ್ಲಿ ಗೆಡ್ಡೆ ಹೆಚ್ಚು ಕಾಲ ಹತೋಟಿಯಲ್ಲಿದ್ದುದು ಮತ್ತು ಮೂರ್ಛೆ ಕಡಿಮೆಯಾಗಿದ್ದುದು ನಿಜ. ಅಂದರೆ, ಅಪಾಯ ಕಡಿಮೆ ಇರುವ ಸ್ತ್ರೀಯೊಬ್ಬಳು ನಿಗಾದಲ್ಲಿದ್ದುಕೊಂಡು ಮೊದಲು ಮಗುವನ್ನು ಪಡೆಯಲು ಬಯಸಿದರೆ ಅದು ಹುಚ್ಚುತನವೆನಿಸದು. ಆದರೆ 40 ವರ್ಷ ದಾಟಿದವರು ಅಥವಾ ಗೆಡ್ಡೆ ಪೂರ್ಣವಾಗಿ ತೆಗೆಯಲಾಗದವರನ್ನು ಕುರಿತ ಅಮೆರಿಕದ ಪ್ರಯೋಗದ ಅಂತಿಮ ಫಲಿತಾಂಶ 2016ರಲ್ಲಿ ಬಂದಾಗ, ವಿಕಿರಣದ ಜೊತೆಗೆ ಕೀಮೋಥೆರಪಿ ಪಡೆದವರ ಮಧ್ಯಮ ಬದುಕುಳಿಕೆ 13.3 ವರ್ಷ, ವಿಕಿರಣ ಮಾತ್ರ ಪಡೆದವರಲ್ಲಿ 7.8 ವರ್ಷ ಎಂದು ಕಂಡುಬಂತು. ಈ ವರ್ಗಕ್ಕೆ ಸೇರಿದವರು ಚಿಕಿತ್ಸೆಯನ್ನು ಮುಂದೂಡಿದರೆ ಅದರ ಬೆಲೆ ದೊಡ್ಡದು. ತಾನು ಯಾವ ವರ್ಗಕ್ಕೆ ಸೇರುವೆನೆಂದು ವೈದ್ಯರನ್ನು ನೇರವಾಗಿ ಕೇಳುವುದು ಪ್ರತಿಯೊಬ್ಬ ರೋಗಿಯ ಹಕ್ಕು.

ಕೀಮೋಥೆರಪಿಯಲ್ಲಿ ಬಳಸುವ ಪ್ರೊಕಾರ್ಬಜಿನ್ ಅಂಡಾಶಯಕ್ಕೆ ಹಾನಿ ಉಂಟುಮಾಡಬಲ್ಲದು. ಟೆಮೊಜೊಲೊಮೈಡ್ ಭ್ರೂಣಕ್ಕೆ ಹಾನಿಕರ. ಕೊನೆಯ ಮಾತ್ರೆಯ ನಂತರ ಕನಿಷ್ಠ 6 ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ತಲೆಗೆ ನೀಡುವ ವಿಕಿರಣ ಅಂಡಾಶಯವನ್ನು ಮುಟ್ಟದಿದ್ದರೂ, ಪಿಟ್ಯುಟರಿ ಗ್ರಂಥಿ ಅದರ ವ್ಯಾಪ್ತಿಯಲ್ಲಿ ಬಂದರೆ ವರ್ಷಗಳ ನಂತರ ಹಾರ್ಮೋನುಗಳ ಕೊರತೆ ತಲೆದೋರಬಹುದು. ಆದಕಾರಣ ಈ ಚಿಕಿತ್ಸೆಗಳು ಆರಂಭವಾಗುವ ಮುನ್ನ ಅಂಡಾಣು ಅಥವಾ ಭ್ರೂಣವನ್ನು ಶೈತ್ಯೀಕರಿಸಿ ಇಡುವ ಸಾಧ್ಯತೆಯನ್ನು ವಿಚಾರಿಸಬೇಕು. ಇದಕ್ಕೆ ಸುಮಾರು ಎರಡು ವಾರ ಹಿಡಿಯುತ್ತದೆ, ವೆಚ್ಚವೂ ಕಡಿಮೆಯಲ್ಲ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಅಧಿನಿಯಮದಡಿ ನೋಂದಣಿಯಾದ ಕೇಂದ್ರದಲ್ಲಿ ಮಾತ್ರ, 21 ರಿಂದ 50 ವರ್ಷದೊಳಗಿನ ಸ್ತ್ರೀಯರಿಗೆ ಇದನ್ನು ಒದಗಿಸಲು ಅವಕಾಶವಿದೆ. ಚಿಕಿತ್ಸೆಯ ಮೊದಲ ದಿನದಂದು ಇದು ನೆನಪಾದರೆ ಪ್ರಯೋಜನವಿಲ್ಲ.

ಐ.ಡಿ.ಎಚ್. ಬದಲಾವಣೆಯುಳ್ಳ 2ನೇ ದರ್ಜೆಯ ಗೆಡ್ಡೆಗಳಿಗೆ ವೊರಾಸಿಡೆನಿಬ್ ಎಂಬ ಹೊಸ ಮಾತ್ರೆಗೆ ಅಮೆರಿಕದಲ್ಲಿ ಆಗಸ್ಟ್ 2024ರಲ್ಲಿ ಅನುಮೋದನೆ ದೊರೆಯಿತು. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದನ್ನು ಪಡೆದವರಲ್ಲಿ ಗೆಡ್ಡೆ ಮತ್ತೆ ಬೆಳೆಯದೆ ಇದ್ದ ಮಧ್ಯಮ ಅವಧಿ 27.7 ತಿಂಗಳು, ಪಡೆಯದವರಲ್ಲಿ 11.1 ತಿಂಗಳು. ವಿಕಿರಣವನ್ನು ಮುಂದೂಡಲು ಇದು ನೆರವಾಗುವುದರಿಂದ ತರುಣಿಯರಿಗೆ ಆಶಾದಾಯಕ. ಆದರೆ ಈ ಮಾತ್ರೆ ಸೇವಿಸುತ್ತಿರುವಾಗ ಮತ್ತು ನಿಲ್ಲಿಸಿದ 3 ತಿಂಗಳವರೆಗೆ ಗರ್ಭಧಾರಣೆ ಕೂಡದು. ಇದು ಹಾರ್ಮೋನುಯುಕ್ತ ಗರ್ಭನಿರೋಧಕ ಗುಳಿಗೆಗಳ ಪರಿಣಾಮವನ್ನು ತಗ್ಗಿಸಬಹುದಾದ್ದರಿಂದ ಕಾಪರ್-ಟಿ ಮುಂತಾದ ಹಾರ್ಮೋನುರಹಿತ ವಿಧಾನ ಬೇಕಾಗುತ್ತದೆ.

ಗರ್ಭನಿರೋಧಕದ ವಿಷಯ ಬಂದುದರಿಂದ ಮೆನಿಂಜಿಯೋಮಾ ಉಳ್ಳವರಿಗೂ ಒಂದು ಸೂಚನೆ. ಸರ್ಕಾರಿ ಆಸ್ಪತ್ರೆಗಳಲ್ಲಿ 2017ರಿಂದ ಉಚಿತವಾಗಿ ನೀಡಲಾಗುತ್ತಿರುವ ಅಂತರಾ ಚುಚ್ಚುಮದ್ದಿನಲ್ಲಿರುವುದು ಮೆಡ್ರಾಕ್ಸಿಪ್ರೊಜೆಸ್ಟೆರಾನ್. ಇದನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸಿದವರಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವ ಮೆನಿಂಜಿಯೋಮಾದ ಸಂಭವ ಸುಮಾರು 5.6 ಪಟ್ಟು ಹೆಚ್ಚೆಂದು ಫ್ರಾನ್ಸಿನ 2024ರ ಅಧ್ಯಯನ ಹೇಳಿತು. ಮೂಲತಃ ಈ ಗೆಡ್ಡೆ ವಿರಳವಾದ್ದರಿಂದ ಇತರ ಸ್ತ್ರೀಯರು ಗಾಬರಿಪಡಬೇಕಾಗಿಲ್ಲ. ಆದರೆ ಮೆನಿಂಜಿಯೋಮಾ ಇದೆಯೆಂದು ಈಗಾಗಲೇ ಗೊತ್ತಿರುವವರು ಚುಚ್ಚುಮದ್ದು ಪಡೆಯುವ ಮುನ್ನ ಅದನ್ನು ಆರೋಗ್ಯ ಕಾರ್ಯಕರ್ತೆಗೆ ತಪ್ಪದೆ ತಿಳಿಸಿ ಬೇರೆ ವಿಧಾನವನ್ನು ಕೇಳಬೇಕು.

ಮೂರ್ಛೆಯ ಮಾತ್ರೆಗಳು

ಅತಿ ಹೆಚ್ಚು ಅನಾಹುತಗಳಾಗುವುದು ಈ ವಿಷಯದಲ್ಲಿ. ಗರ್ಭಿಣಿಯೆಂದು ತಿಳಿದ ದಿನವೇ ಮಗುವಿಗೆ ತೊಂದರೆಯಾದೀತೆಂದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದು ಸಾಮಾನ್ಯ. ಹೀಗೆ ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೆ ಒಂದರಂತೆ ಬಿಡದೆ ಬರುವ ಮೂರ್ಛೆ ಉಂಟಾಗಿ ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತು ಬರಬಹುದು. ನಿಲ್ಲಿಸುವುದು ಪರಿಹಾರವಲ್ಲ, ಮುಂಚಿತವಾಗಿ ಬದಲಾಯಿಸುವುದು ಪರಿಹಾರ.

ಬದಲಾಯಿಸಲೇಬೇಕಾದ ಔಷಧಗಳಲ್ಲಿ ಮುಖ್ಯವಾದುದು ಸೋಡಿಯಂ ವಾಲ್‌ಪ್ರೊಯೇಟ್. ಗರ್ಭದಲ್ಲಿ ಇದರ ಸಂಪರ್ಕಕ್ಕೆ ಬಂದ 100 ಶಿಶುಗಳಲ್ಲಿ ಸುಮಾರು 10 ಶಿಶುಗಳಿಗೆ ಬೆನ್ನುಹುರಿ, ಹೃದಯ ಮೊದಲಾದ ಅಂಗಗಳ ನ್ಯೂನತೆ ಕಂಡುಬರುತ್ತದೆ. 30 ರಿಂದ 40 ಮಕ್ಕಳಲ್ಲಿ ಮಾತು, ಕಲಿಕೆ, ನಡವಳಿಕೆಯ ಬೆಳವಣಿಗೆ ಹಿಂದುಳಿಯುತ್ತದೆ. ಟೋಪಿರಮೇಟ್, ಫೀನೋಬಾರ್ಬಿಟೋನ್, ಫೆನಿಟಾಯಿನ್‌ಗಳಿಗೂ ಅವುಗಳದೇ ಆದ ಅಪಾಯಗಳಿವೆ. ಲೆವೆಟಿರಾಸಿಟಮ್ ಮತ್ತು ಲ್ಯಾಮೊಟ್ರಿಜಿನ್ ಇವೆರಡರಲ್ಲಿ ನ್ಯೂನತೆಯ ಪ್ರಮಾಣ ಇತರ ಶಿಶುಗಳಲ್ಲಿ ಕಾಣುವುದಕ್ಕೆ ಸಮೀಪದಲ್ಲಿಯೇ ಇರುವುದರಿಂದ ವೈದ್ಯರು ಸಾಮಾನ್ಯವಾಗಿ ಇವನ್ನು ಆರಿಸುತ್ತಾರೆ. ಹೊಸ ಮಾತ್ರೆ ಮೈಗೊಗ್ಗಿ ಮೂರ್ಛೆ ಹತೋಟಿಗೆ ಬಂದಿದೆಯೆಂದು ಖಚಿತವಾಗಲು ತಿಂಗಳುಗಳೇ ಬೇಕು. ಲ್ಯಾಮೊಟ್ರಿಜಿನ್ ಪ್ರಮಾಣವನ್ನಂತೂ ವಾರ ವಾರ ಸ್ವಲ್ಪ ಸ್ವಲ್ಪವೇ ಏರಿಸಬೇಕಾಗುತ್ತದೆ. ಮದುವೆಯ ಮಾತುಕತೆ ನಡೆಯುತ್ತಿರುವಾಗಲೇ ಈ ಕೆಲಸ ಆರಂಭವಾದರೆ ಅವಸರವಿರುವುದಿಲ್ಲ.

ಫೋಲಿಕ್ ಆಮ್ಲದ ಮಾತ್ರೆಯನ್ನೂ ಗರ್ಭಧಾರಣೆಗೆ ಮುಂಚೆಯೇ ಪ್ರಾರಂಭಿಸಬೇಕು. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಮೊದಲ ನಾಲ್ಕು ವಾರಗಳಲ್ಲಿ. ಹಲವರಿಗೆ ಆಗ ಗರ್ಭ ನಿಂತಿರುವುದೇ ತಿಳಿದಿರುವುದಿಲ್ಲ. ಪ್ರಮಾಣವನ್ನು ವೈದ್ಯರೇ ನಿಗದಿಪಡಿಸತಕ್ಕದ್ದು.

ಗರ್ಭ ಬೆಳೆದಂತೆಲ್ಲ ಲ್ಯಾಮೊಟ್ರಿಜಿನ್ ಮತ್ತು ಲೆವೆಟಿರಾಸಿಟಮ್ ಔಷಧಗಳ ಅಂಶ ರಕ್ತದಲ್ಲಿ ಇಳಿಯುತ್ತದೆ. ಹೀಗಾಗಿ ವೈದ್ಯರು ಪ್ರಮಾಣವನ್ನು ಹೆಚ್ಚಿಸಿದರೆ ಕಾಯಿಲೆ ಹೆಚ್ಚಿತೆಂದು ಭಾವಿಸಬೇಕಾಗಿಲ್ಲ. ಹೆರಿಗೆಯ ನಂತರ ಅದನ್ನು ಮತ್ತೆ ಇಳಿಸಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ಅಪಸ್ಮಾರವುಳ್ಳ ಗರ್ಭಿಣಿಯರ ನೋಂದಣಿಯೊಂದನ್ನು 1998ರಲ್ಲಿ ಆರಂಭಿಸಿತು. ಸರಿಯಾದ ಔಷಧ ಮತ್ತು ನಿಗಾ ಇದ್ದಲ್ಲಿ ಬಹುಪಾಲು ಸ್ತ್ರೀಯರು ಆರೋಗ್ಯವಂತ ಶಿಶುಗಳನ್ನು ಹೆರುತ್ತಾರೆಂಬುದು ಇಂತಹ ನೋಂದಣಿಗಳಿಂದ ದೃಢಪಟ್ಟಿದೆ. ಹೀಗಿದ್ದರೂ ಗಂಡನ ಮನೆಯಲ್ಲಿ ತಿಳಿಯಬಾರದೆಂದು ಮಾತ್ರೆಗಳನ್ನು ಬಚ್ಚಿಟ್ಟು, ಯಾರೂ ಇಲ್ಲದಾಗ ನುಂಗಿ, ಆಗದ ದಿನ ಬಿಟ್ಟುಬಿಡುವ ಸ್ತ್ರೀಯರಿದ್ದಾರೆ. ಹಿಂದೂ ವಿವಾಹ ಅಧಿನಿಯಮದಲ್ಲಿ ಅಪಸ್ಮಾರವನ್ನು ವಿವಾಹಕ್ಕೆ ಅಡ್ಡಿಯೆಂದು ಹೇಳಿದ್ದ ಮಾತನ್ನು 1999ರಲ್ಲಿ ತಿದ್ದುಪಡಿಯ ಮೂಲಕ ತೆಗೆದುಹಾಕಲಾಗಿದೆ. ಕಾನೂನು ಬದಲಾಗಿ ಕಾಲು ಶತಮಾನ ಕಳೆದರೂ ಮನೆಗಳು ಅದನ್ನು ಇನ್ನೂ ಓದಿದಂತೆ ಕಾಣುವುದಿಲ್ಲ.

ಗರ್ಭಾವಸ್ಥೆ ಮತ್ತು ಹೆರಿಗೆ

ಎಂ.ಆರ್.ಐ.ನಲ್ಲಿ ಎಕ್ಸ್-ರೇ ಕಿರಣಗಳಿರುವುದಿಲ್ಲ. ಅಗತ್ಯವಿದ್ದಾಗ ಗರ್ಭಿಣಿಯರಿಗೂ ಮಾಡಬಹುದು. ಗ್ಯಾಡೊಲಿನಿಯಂ ಚುಚ್ಚುಮದ್ದನ್ನು ಮಾತ್ರ ಸಾಧ್ಯವಾದಷ್ಟು ಮಟ್ಟಿಗೆ ಕೊಡುವುದಿಲ್ಲ. ಕೆಳದರ್ಜೆಯ ಗ್ಲಯೋಮಾದ ಅಳತೆಗೆ ಅದಿಲ್ಲದ ಚಿತ್ರವೇ ಸಾಮಾನ್ಯವಾಗಿ ಸಾಕು. ಗೆಡ್ಡೆ ಬೆಳೆದು ಶಸ್ತ್ರಚಿಕಿತ್ಸೆ ಅನಿವಾರ್ಯವಾದರೆ ನಾಲ್ಕರಿಂದ ಆರನೇ ತಿಂಗಳ ಅವಧಿಯನ್ನು ಆರಿಸಿಕೊಳ್ಳಲಾಗುತ್ತದೆ. ಸ್ಥಿತಿ ಸ್ಥಿರವಾಗಿದ್ದರೆ ಹೆರಿಗೆಯವರೆಗೆ ಕಾಯಲಾಗುತ್ತದೆ. ಬೆಳಗಿನ ಹೊತ್ತು ಹೆಚ್ಚುವ ತಲೆನೋವು, ಮೊದಲ ಮೂರು ತಿಂಗಳು ಕಳೆದರೂ ನಿಲ್ಲದ ವಾಂತಿ, ಮಂಜಾಗುವ ದೃಷ್ಟಿ, ಒಂದು ಕೈ ಅಥವಾ ಕಾಲಿನ ಬಲಹೀನತೆ, ಮಾತು ತೊದಲುವುದು, ಹಿಂದಿಗಿಂತ ಹೆಚ್ಚಿದ ಮೂರ್ಛೆ ಇವುಗಳನ್ನು ಬಸುರಿಯ ಬಳಲಿಕೆಯೆಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತೋರಿಸಬೇಕು.

ಐದು ತಿಂಗಳು ತುಂಬಿದ ಗರ್ಭಿಣಿಗೆ ಫಿಟ್ಸ್ ಬಂದರೆ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಮೊದಲು ನೆನಪಾಗುವುದು ರಕ್ತದೊತ್ತಡದಿಂದ ಬರುವ ಗರ್ಭನಂಜು. ಅದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಕೊಡುವುದು ನಿಯಮ, ಮತ್ತು ಅದು ಸರಿಯಾದ ನಿಯಮವೇ. ಆದರೆ ಗೆಡ್ಡೆಯಿಂದ ಬಂದ ಮೂರ್ಛೆಗೆ ಬೇರೆ ಔಷಧ ಬೇಕು. ಪ್ರಜ್ಞೆಯಿಲ್ಲದ ಸ್ತ್ರೀ ತನ್ನ ಕಾಯಿಲೆಯನ್ನು ತಾನೇ ಹೇಳಲಾರಳು. ಆದುದರಿಂದ ತಾಯಿ ಕಾರ್ಡಿನ ಮೊದಲ ಪುಟದಲ್ಲಿಯೇ ಮೆದುಳಿನ ಗೆಡ್ಡೆಯ ಹೆಸರು, ಸೇವಿಸುತ್ತಿರುವ ಔಷಧ ಹಾಗೂ ಅದರ ಪ್ರಮಾಣವನ್ನು ಕೆಂಪು ಶಾಯಿಯಲ್ಲಿ ಬರೆಸಿಕೊಳ್ಳಬೇಕು. ಮನೆಯವರು ಮೂರ್ಛೆಯ ಸಮಯದಲ್ಲಿ ಎಡಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ನೀರು, ಚಮಚ ಏನನ್ನೂ ಹಾಕಬಾರದು. ಕೈಗೆ ಕಬ್ಬಿಣ ಅಥವಾ ಬೀಗದ ಕೈ ಕೊಡುವುದರಿಂದ ಸಮಯ ವ್ಯರ್ಥವಾಗುವುದೇ ಹೊರತು ಬೇರೇನೂ ಆಗದು. ಗರ್ಭಿಣಿಗೆ ಮೂರ್ಛೆ ಬಂದ ಕೂಡಲೇ, ಅದು ನಿಲ್ಲಲೆಂದು ಕಾಯದೆ, 108ಕ್ಕೆ ಕರೆ ಮಾಡತಕ್ಕದ್ದು.

ಗೆಡ್ಡೆ ಇದೆಯೆಂಬ ಮಾತ್ರಕ್ಕೆ ಸಿಸೇರಿಯನ್ ಕಡ್ಡಾಯವಲ್ಲ. ತಲೆಯೊಳಗಿನ ಒತ್ತಡ ಹೆಚ್ಚಿದ್ದರೆ ಮಾತ್ರ ಹೆರಿಗೆಯ ವಿಧಾನ ಮತ್ತು ಬೆನ್ನಿಗೆ ಕೊಡುವ ಅರಿವಳಿಕೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಆದರೆ ಹೆರಿಗೆ ಮನೆಯಲ್ಲಿ ಅಥವಾ ಚಿಕ್ಕ ಕೇಂದ್ರದಲ್ಲಿ ಆಗತಕ್ಕದ್ದಲ್ಲ. ನರಶಸ್ತ್ರಚಿಕಿತ್ಸೆ ಹಾಗೂ ನವಜಾತ ಶಿಶು ಘಟಕಗಳೆರಡೂ ಕೈಗೆಟುಕುವ ಆಸ್ಪತ್ರೆಯನ್ನು ಏಳನೇ ತಿಂಗಳೊಳಗೆ ಗೊತ್ತುಮಾಡಿಕೊಳ್ಳಬೇಕು.

ಯೋಜಿಸದೆ ಗರ್ಭ ನಿಂತು, ಚಿಕಿತ್ಸೆಯನ್ನು ಮುಂದೂಡಲಾಗದ ಸ್ಥಿತಿ ಇದ್ದಲ್ಲಿ, ವೈದ್ಯಕೀಯ ಗರ್ಭಪಾತ ಅಧಿನಿಯಮದಂತೆ 20 ವಾರದವರೆಗೆ ನೋಂದಾಯಿತ ವೈದ್ಯರೊಬ್ಬರ ಅಭಿಪ್ರಾಯದ ಮೇರೆಗೆ ಗರ್ಭಪಾತಕ್ಕೆ ಅವಕಾಶವಿದೆ. ಸ್ತ್ರೀಯ ಪ್ರಾಣ ಉಳಿಸಲು ತಕ್ಷಣವೇ ಅಗತ್ಯವೆನಿಸಿದರೆ ಈ ಮಿತಿ ಅನ್ವಯಿಸುವುದಿಲ್ಲ. 18 ವರ್ಷ ತುಂಬಿದ ಸ್ತ್ರೀಯ ಒಪ್ಪಿಗೆಯೊಂದೇ ಸಾಕು. ಪತಿಯ ಅಥವಾ ಅತ್ತೆ ಮಾವಂದಿರ ಸಹಿಯನ್ನು ಕಾನೂನು ಕೇಳುವುದಿಲ್ಲ. ಮುಂದುವರಿಸುವ ತೀರ್ಮಾನವೂ ಅವಳದೇ.

ದೊರೆಯುವ ಸೌಲಭ್ಯಗಳು

ಮೊದಲ ಹೆಜ್ಜೆಯಾಗಿ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸುವುದು ಸೂಕ್ತ. ನಿಮ್ಹಾನ್ಸ್ ಸಹಯೋಗದೊಂದಿಗೆ 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯಲಾಗಿದ್ದು, ಮೂರ್ಛೆರೋಗದ ತಪಾಸಣೆ ಅಲ್ಲಿಯೇ ಆಗುತ್ತದೆ. ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್, ವಿಕಿರಣ ಹಾಗೂ ಕೀಮೋಥೆರಪಿಗೆ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಸಾರ್ವಜನಿಕ ವಲಯದ ಪ್ರಮುಖ ಕೇಂದ್ರಗಳಾಗಿವೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಆದ್ಯತಾ ಪಡಿತರ ಚೀಟಿದಾರ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ದೊರೆಯುತ್ತದೆ. ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯೊಳಗೆ ಸರ್ಕಾರ ಭರಿಸುತ್ತದೆ. ಆಧಾರ್ ಮತ್ತು ಪಡಿತರ ಚೀಟಿ ಅಗತ್ಯ. ತುರ್ತು ಸಂದರ್ಭವನ್ನು ಬಿಟ್ಟು, ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದಿರಬೇಕು. ದಾಖಲಾದ ಮೇಲೆ ಪತ್ರಕ್ಕಾಗಿ ಓಡಾಡುವ ಕುಟುಂಬಗಳು ಇಂದಿಗೂ ಕಂಡುಬರುತ್ತಿವೆ.

ಗರ್ಭಿಣಿಯಾದ ನಂತರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಹೆಚ್ಚಿನ ಅಪಾಯದ ಗರ್ಭಿಣಿಯೆಂದು ದಾಖಲಿಸುವಂತೆ ಕೇಳಬೇಕು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖು ತಜ್ಞ ವೈದ್ಯರ ತಪಾಸಣೆ ಉಚಿತ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಹಾಗೂ ಹೋಗಿ ಬರುವ ವಾಹನಕ್ಕೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಶುಲ್ಕವಿಲ್ಲ.

ಹೆರಿಗೆಯ ನಂತರ

ಲೆವೆಟಿರಾಸಿಟಮ್ ಅಥವಾ ಲ್ಯಾಮೊಟ್ರಿಜಿನ್ ಸೇವಿಸುವ ತಾಯಿ ಸಾಮಾನ್ಯವಾಗಿ ಎದೆಹಾಲು ಉಣಿಸಬಹುದು. ಕೀಮೋಥೆರಪಿಯಲ್ಲಿರುವವರು ಉಣಿಸಬಾರದು. ನಿದ್ರೆಗೆಟ್ಟರೆ ಮೂರ್ಛೆ ಮರುಕಳಿಸುವುದರಿಂದ, ರಾತ್ರಿಯ ಒಂದೆರಡು ಬಾರಿಯ ಹಾಲನ್ನು ಹಿಂಡಿಟ್ಟು ಮನೆಯ ಇನ್ನೊಬ್ಬರು ಕುಡಿಸುವ ಏರ್ಪಾಡು ಮಾಡಬೇಕು. ಮಗುವಿಗೆ ನೆಲದ ಮೇಲೆ ಕುಳಿತೇ ಹಾಲುಣಿಸುವುದು ಒಳ್ಳೆಯದು. ಎರೆಯುವ ಕೆಲಸವನ್ನು ತಾಯಿ ಒಬ್ಬಳೇ ಮಾಡತಕ್ಕದ್ದಲ್ಲ.

ಹೆರಿಗೆಯಾದ ಕೆಲವು ವಾರಗಳಲ್ಲಿ ಎಂ.ಆರ್.ಐ. ಮತ್ತೆ ಆಗಬೇಕು. ಮುಂದೂಡಿದ್ದ ಚಿಕಿತ್ಸೆ ಆರಂಭವಾಗಬೇಕೆ ಎಂಬುದು ಅದರಿಂದಲೇ ತಿಳಿಯುವುದು. ಬಾಣಂತನಕ್ಕೆ ತವರಿಗೆ ಹೋದ ಕಾರಣ ಈ ಪರೀಕ್ಷೆ ತಪ್ಪಿಹೋಗುವುದೇ ಹೆಚ್ಚು. ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಪರೀಕ್ಷೆಯ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು, ತವರಿನ ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿರಬೇಕು.